ಶಿರಾಡಿ ಹತ್ತುವಾಗ ಟ್ರೇಲರ್ ಫ್ರಿಜ್ ನಿಲ್ಲುತ್ತೆ: ಓಡುವಾಗ ಕರೆಂಟ್ ಕೊಡೋ ಸರಿಯಾದ ದಾರಿ ಯಾವುದು?

ಬಿಎಂರೋಡ್_ಹಾಸನ:

ಎಲ್ಲರಿಗೂ ನಮಸ್ಕಾರ. 12 ಅಡಿಯ ಸಿಂಗಲ್ ಆಕ್ಸಲ್ ಕ್ಯಾಂಪರ್ ಟ್ರೇಲರ್, ಎಳೆಯೋದು ಬಿಎಸ್6 ಡೀಸೆಲ್ ಗಾಡಿ. ಒಳಗೆ 190 ಲೀಟರಿನ ಸಿಂಗಲ್ ಡೋರ್ ಮನೆ ಫ್ರಿಜ್ ಇದೆ. 230 ವೋಲ್ಟಿನದು, ಮಾಮೂಲಿ ಕಂಪ್ರೆಸರ್. ಓಡುತ್ತಿರುವಾಗ 110 ವ್ಯಾಟ್ ತೋರಿಸುತ್ತೆ.

ಈಗಿರೋ ವೈರಿಂಗ್ ಹೀಗಿದೆ: ಗಾಡಿಯ ಬ್ಯಾಟರಿಯಿಂದ 4 ಸ್ಕ್ವೇರ್ (ಚದರ ಮಿ.ಮೀ. ದಪ್ಪದ) ತಾಮ್ರದ ವೈರು, ಸುಮಾರು 7 ಮೀಟರ್, ಹಿಂದಿನ ಬಂಪರ್ ತನಕ ಬಂದು ಟ್ರೇಲರಿಗೆ ಹೋಗುತ್ತೆ. ನಡುವೆ ಬಿಚ್ಚೋಕೆ ಅನುಕೂಲ ಅಂತ 16 ಆಂಪ್ಸಿನ ಮನೆ ಪ್ಲಗ್ಗು ಸಾಕೆಟ್ಟು ಹಾಕಿದೆ. ಟ್ರೇಲರ್ ಒಳಗೆ 700 ವಿಎ ಸ್ಕ್ವೇರ್ ವೇವ್ ಇನ್ವರ್ಟರ್, ಅದರಿಂದ ಫ್ರಿಜ್. ಟ್ರೇಲರಿನಲ್ಲಿ ಬೇರೆ ಬ್ಯಾಟರಿ ಇಲ್ಲ.

ಹಾಸನದಿಂದ ಸಕಲೇಶಪುರದ ತನಕ ಏನೂ ತೊಂದರೆ ಇಲ್ಲ. ಮಂಗಳೂರಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಘಾಟಿ ಹತ್ತೋಕೆ ಶುರು ಮಾಡಿದ ಮೇಲೆ ಇನ್ವರ್ಟರ್ ಬೀಪ್ ಹೊಡೆದು ನಿಲ್ಲುತ್ತೆ. ಮತ್ತೆ ಆನ್ ಮಾಡಿದರೆ ಫ್ರಿಜ್ಜಿನ ಹಿಂದೆ ಗುಂಯ್ ಅಂತ ಸದ್ದು, ಐದಾರು ಸೆಕೆಂಡಿಗೆ ಟಕ್ ಅಂತ ಕಟ್. ಪ್ಲಗ್ಗು ಮುಟ್ಟಿದರೆ ಬಿಸಿ.

ಇನ್ವರ್ಟರ್ ದೊಡ್ಡದು ಹಾಕಿದರೆ ಸರಿಹೋಗುತ್ತಾ? ಇಲ್ಲಾ ಫ್ರಿಜ್ಜನ್ನೇ ಬದಲಾಯಿಸಬೇಕಾ? ಗ್ಯಾಸಿಗೂ ಕರೆಂಟಿಗೂ ನಡೆಯೋ ತ್ರೀ-ವೇ ಫ್ರಿಜ್ ಒಳ್ಳೆಯದು ಅಂತ ಕೆಲವರು ಹೇಳ್ತಾರೆ, ಅದು ನಿಜವಾ?

ಮಲ್ನಾಡ್_ವೈರಿಂಗ್:

ಸರ್, ಉಳಿದದ್ದೆಲ್ಲ ಆಮೇಲೆ. ಮೊದಲು ಆ 16 ಆಂಪ್ಸಿನ ಮನೆ ಪ್ಲಗ್ಗನ್ನು ಇವತ್ತೇ ಕಿತ್ತು ಹಾಕಿ. ಟ್ರೇಲರ್ ಕಡೆಯಿಂದ ನೇತಾಡೋ ಆ ಪ್ಲಗ್ಗನ್ನು ನೋಡಿದ ಯಾರಾದರೂ, ಹೋಂಸ್ಟೇ ಹುಡುಗನೋ ಮನೆಯವರೋ, ಚಾರ್ಜಿಂಗ್ ಅಂದ್ಕೊಂಡು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ 12 ವೋಲ್ಟಿನ ವೈರಿಂಗಿಗೆ 230 ವೋಲ್ಟ್ ನುಗ್ಗುತ್ತೆ. ಇನ್ವರ್ಟರ್ ಸುಡುತ್ತೆ, ಬೆಂಕಿ ಹತ್ತಬಹುದು, ಟ್ರೇಲರಿನ ಕಬ್ಬಿಣ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. 12 ವೋಲ್ಟಿಗೆ ಮನೆ ಪ್ಲಗ್ ಯಾವತ್ತೂ ಬಳಸಬಾರದು. ಅದರ ಜಾಗಕ್ಕೆ 50 ಆಂಪ್ಸಿನ ಆ್ಯಂಡರ್ಸನ್ ಕನೆಕ್ಟರ್ ಹಾಕಿ. ಇ-ರಿಕ್ಷಾ ಬ್ಯಾಟರಿ ಮಾರೋರ ಹತ್ತಿರ ಸಿಗುತ್ತೆ. ಬೇರೆ ಬೇರೆ ಬಣ್ಣದವು ಒಂದರೊಳಗೊಂದು ಕೂರಲ್ಲ, ಎರಡೂ ಕಡೆಗೆ ಒಂದೇ ಬಣ್ಣದ್ದು ತಗೊಳ್ಳಿ.

ಈಗ ಯಾಕೆ ನಿಲ್ಲುತ್ತೆ ಅನ್ನೋದು. 4 ಸ್ಕ್ವೇರ್ ವೈರಿಗೆ ಮೀಟರಿಗೆ ಸುಮಾರು 5 ಮಿಲಿ ಓಮ್ ರೆಸಿಸ್ಟೆನ್ಸ್. ಹೋಗೋದು 7 ಮೀಟರ್, ಬರೋದು 7, ಒಟ್ಟು 14 ಮೀಟರಿಗೆ 0.07 ಓಮ್. ಫ್ರಿಜ್ ಓಡ್ತಾ ಇರುವಾಗ ಇನ್ವರ್ಟರಿನ ನಷ್ಟವೂ ಸೇರಿ 12 ವೋಲ್ಟಿನ ಕಡೆ ಎಳೆಯೋದು ಹತ್ತಿರ ಹತ್ತಿರ 12 ಆಂಪ್ಸ್. ಅಷ್ಟಕ್ಕೇ 0.8 ವೋಲ್ಟ್ ವೈರಿನಲ್ಲೇ ಹೋಯ್ತು. ಇನ್ನು ಕಂಪ್ರೆಸರ್ ಸ್ಟಾರ್ಟ್ ಆಗೋ ಕ್ಷಣಕ್ಕೆ ಐದಾರು ಪಟ್ಟು ಕರೆಂಟ್ ಬೇಕು. 60 ಆಂಪ್ಸ್ ಎಳೆದರೆ 4 ವೋಲ್ಟಿಗೂ ಹೆಚ್ಚು ಡ್ರಾಪ್. ಗಾಡಿ ಬ್ಯಾಟರಿಯಲ್ಲಿ 12.5 ಇದ್ದರೂ ಇನ್ವರ್ಟರ್ ಬಾಯಿಗೆ ಸಿಗೋದು 8 ಚಿಲ್ಲರೆ. ಇನ್ವರ್ಟರುಗಳು 10.5ರ ಸುಮಾರಿಗೆ ಕಟ್ ಆಗುತ್ವೆ. ಇದಕ್ಕೆ 1500 ವಿಎ ತಂದು ಹಾಕಿದರೂ ಅದೇ ಕಥೆ.

ಹೋಗುವಾಗ ಸರಿ ಇದ್ದು ಬರುವಾಗ ಕೆಡೋಕೂ ಕಾರಣ ಇದೆ. ಬಿಎಸ್6 ಗಾಡಿಗಳಲ್ಲಿ ಬಹಳಷ್ಟಕ್ಕೆ ಡೈನಮೋ ವೋಲ್ಟೇಜನ್ನು ಇಂಜಿನ್ ಕಂಪ್ಯೂಟರೇ ನಿಯಂತ್ರಿಸುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬ್ಯಾಟರಿ ತುಂಬಿಸೋಕೆ 14ರ ಮೇಲೆ ಕೊಡುತ್ತೆ. ತುಂಬಿದ ಮೇಲೆ ಡೀಸೆಲ್ ಉಳಿಸೋಕೆ 12.5ರ ಆಸುಪಾಸಿಗೆ ಇಳಿಸುತ್ತೆ. ಏರಿನಲ್ಲಿ ಇಂಜಿನ್ ಮೇಲೆ ಭಾರ ಬಿದ್ದಾಗ ಡೈನಮೋ ಭಾರ ಇನ್ನೂ ಇಳಿಸುತ್ತೆ, ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ಏರಿಸುತ್ತೆ. ನೀವು ಹೋಗುವಾಗ ಶಿರಾಡಿ ಇಳೀತೀರಿ, ಬರುವಾಗ ಹತ್ತುತೀರಿ. ಅದೂ ಅಲ್ಲದೆ ಹಾಸನದಿಂದ ಹೊರಡುವಾಗ ಫ್ರಿಜ್ ಮನೆ ಕರೆಂಟಿನಲ್ಲಿ ತಣ್ಣಗಾಗಿರುತ್ತೆ, ಕಂಪ್ರೆಸರಿಗೆ ಕೆಲಸ ಕಡಿಮೆ.

ಪರಿಹಾರ ಒಂದೇ: ಬ್ಯಾಟರಿ ಟ್ರೇಲರ್ ಒಳಗಿರಬೇಕು. ಸ್ಟಾರ್ಟಿಂಗ್ ಕರೆಂಟನ್ನು ಆ ಬ್ಯಾಟರಿ ಕೊಡಲಿ. ಇನ್ವರ್ಟರಿಗೆ ಒಂದು ಮೀಟರ್ ದೂರ, 25 ಸ್ಕ್ವೇರ್ ವೈರು ಹಾಕಿದರೆ 60 ಆಂಪ್ಸಿಗೂ ಡ್ರಾಪ್ 0.1 ವೋಲ್ಟ್ ಅಷ್ಟೆ. ಗಾಡಿಯಿಂದ ಬರೋ ಉದ್ದದ ವೈರು ಆ ಬ್ಯಾಟರಿಗೆ ನಿಧಾನವಾಗಿ ಚಾರ್ಜ್ ಮಾಡಿದರೆ ಸಾಕು. ಅದಕ್ಕೆ 20 ಆಂಪ್ಸಿನ ಡಿಸಿ-ಡಿಸಿ ಚಾರ್ಜರ್, ಟ್ರೇಲರ್ ಬ್ಯಾಟರಿ ಪಕ್ಕದಲ್ಲೇ ಕೂರಿಸಿ. ಗಾಡಿಯಿಂದ 12 ಬಂದರೂ 13 ಬಂದರೂ ಅದು ಬ್ಯಾಟರಿಗೆ ಬೇಕಾದ 14.4ಕ್ಕೆ ಏರಿಸಿ ಕೊಡುತ್ತೆ. 20 ಆಂಪ್ಸ್ ಕೊಡೋಕೆ ಗಾಡಿ ಕಡೆಯಿಂದ ಸುಮಾರು 25 ಆಂಪ್ಸ್ ಎಳೆಯುತ್ತೆ. 7 ಮೀಟರಿಗೆ 10 ಸ್ಕ್ವೇರ್ ಹಾಕಿದರೆ ಡ್ರಾಪ್ 0.7 ವೋಲ್ಟ್, ನಡೆಯುತ್ತೆ. 16 ಸ್ಕ್ವೇರ್ ಹಾಕಿದರೆ 0.4, ಇನ್ನೂ ಒಳ್ಳೆಯದು.

16 ಸ್ಕ್ವೇರಿಗೆ ವೆಲ್ಡಿಂಗ್ ಕೇಬಲ್ ಸುಲಭವಾಗಿ ಸಿಗುತ್ತೆ. ಆದರೆ ಅಂಗಡಿಯಲ್ಲೇ ತುದಿ ಕೆರೆದು ನೋಡಿ ತಗೊಳ್ಳಿ, ಅಲ್ಯೂಮಿನಿಯಂ ವೆಲ್ಡಿಂಗ್ ಕೇಬಲ್ಲೂ ಅದೇ ಕಪ್ಪು ರಬ್ಬರಿನಲ್ಲಿ ಬರುತ್ತೆ. ಒಂದು ಎಳೆಯನ್ನು ಚಾಕುವಿನಲ್ಲಿ ಕೆರೆದಾಗ ಒಳಗೂ ಕೆಂಪಾಗಿರಬೇಕು.

ಗಾಡಿ ಬ್ಯಾಟರಿಯ ಪ್ಲಸ್ಸಿಂದ ಒಂದು ಗೇಣಿನೊಳಗೆ 40 ಆಂಪ್ಸ್ ಫ್ಯೂಸ್, ಟ್ರೇಲರ್ ಬ್ಯಾಟರಿಯ ಪ್ಲಸ್ಸಿನಲ್ಲಿ ಇನ್ನೊಂದು. ವೈರಿನ ಎರಡು ತುದಿಯಲ್ಲೂ ಬ್ಯಾಟರಿ ಇರೋದರಿಂದ ಎರಡೂ ಬೇಕೇ ಬೇಕು. ಬೋಲ್ಟಿನಲ್ಲಿ ಕೂರೋ ಮಿಡಿ ಫ್ಯೂಸ್ ಹಾಕಿ, ಗಾಜಿನ ಫ್ಯೂಸ್ ಹೋಲ್ಡರ್ ಬೇಡ. ಮೈನಸ್ಸಿಗೆ ಟೋ ಬಾರ್ ಗುಂಡನ್ನು ನಂಬಬೇಡಿ. ಅಲ್ಲಿ ಗ್ರೀಸು, ತುಕ್ಕು, ಅಲುಗಾಟ ಎಲ್ಲ ಇದೆ. ಪ್ಲಸ್ಸಿನಷ್ಟೇ ದಪ್ಪದ ಮೈನಸ್ ವೈರನ್ನು ಬೇರೆಯೇ ಎಳೀಬೇಕು. 7 ಪಿನ್ ಲೈಟ್ ಪ್ಲಗ್ಗಿನ ಯಾವ ಪಿನ್ನಿಂದಲೂ ಇದಕ್ಕೆ ಕರೆಂಟ್ ತಗೋಬೇಡಿ, ಅದು ಇಂಡಿಕೇಟರು ಬ್ರೇಕ್ ಲೈಟಿಗೆ ಇರೋದು.

ತಂಪು_ಕೆಎ18:

ವೈರಿಂಗ್ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಫ್ರಿಜ್ಜಿನ ಕಡೆಯದು ನಾನು ಹೇಳ್ತೀನಿ.

ಆ ಗುಂಯ್, ಟಕ್ ಸದ್ದು ಕಂಪ್ರೆಸರ್ ಸ್ಟಾರ್ಟ್ ಆಗೋಕೆ ಆಗದೆ ಓವರ್‌ಲೋಡ್ ಪ್ರೊಟೆಕ್ಟರ್ ಕಟ್ ಮಾಡ್ತಿರೋದು. ಕಂಪ್ರೆಸರ್ ನಿಂತ ತಕ್ಷಣ ಒಂದು ಕಡೆ ಗ್ಯಾಸ್ ಒತ್ತಡ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇರುತ್ತೆ. ಕೂದಲೆಳೆಯಂಥ ಕ್ಯಾಪಿಲರಿ ಪೈಪಿನ ಮೂಲಕ ಅದು ಸಮ ಆಗೋಕೆ 3ರಿಂದ 5 ನಿಮಿಷ ಬೇಕು. ಕಂಪ್ರೆಸರ್ ಸ್ಟಾರ್ಟ್ ಮಾಡಿಸೋ ಪಿಟಿಸಿ ರಿಲೇ ತಣ್ಣಗಾಗೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಅಷ್ಟರೊಳಗೆ ಮತ್ತೆ ಕರೆಂಟ್ ಕೊಟ್ಟರೆ ಮೋಟರ್ ತಿರುಗಲ್ಲ, ಸುಮ್ಮನೆ ಕರೆಂಟ್ ಎಳೆದು ಬಿಸಿ ಆಗುತ್ತೆ. ಗುಂಡಿಗೆ ಬಿದ್ದಾಗೆಲ್ಲ ಪ್ಲಗ್ ಒಂದು ಕ್ಷಣ ಕಾಂಟ್ಯಾಕ್ಟ್ ಬಿಟ್ಟರೆ ನಡೆಯೋದು ಇದೇ. ಹತ್ತು ಸಲ ಹೀಗಾದರೆ ತಡೆದುಕೊಳ್ಳುತ್ತೆ, ನೂರು ಸಲ ಆದರೆ ವೈಂಡಿಂಗ್ ಹೋಗುತ್ತೆ. ಇನ್ವರ್ಟರಿಗೂ ಫ್ರಿಜ್ಜಿಗೂ ನಡುವೆ 3 ನಿಮಿಷದ ಡಿಲೇ ಟೈಮರ್ ಹಾಕಿಕೊಳ್ಳಿ.

ಸ್ಕ್ವೇರ್ ವೇವ್ ಇನ್ವರ್ಟರ್ ಮೋಟರಿಗೆ ಒಳ್ಳೆಯದಲ್ಲ. ಅದೇ ಕೆಲಸಕ್ಕೆ ಮೋಟರ್ ಹೆಚ್ಚು ಬಿಸಿ ಆಗುತ್ತೆ, ಸದ್ದೂ ಬರುತ್ತೆ. ಮನೆ ಫ್ರಿಜ್ಜೇ ಇಟ್ಟುಕೊಳ್ಳೋದಾದರೆ ಪ್ಯೂರ್ ಸೈನ್ ವೇವ್ ಬೇಕು. ಮಾಮೂಲಿ ಕಂಪ್ರೆಸರಿಗೆ ಕ್ಷಣಕಾಲ 1000 ವ್ಯಾಟ್ ತಡೆಯೋ ಅಂಥದ್ದು ನೋಡಿ. ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ ಆದರೆ ಮೆಲ್ಲಗೆ ಸ್ಟಾರ್ಟ್ ಆಗುತ್ತೆ, 500 ವ್ಯಾಟಿನದು ಸಾಕು.

ಆದರೆ ನನ್ನ ಅಭಿಪ್ರಾಯ ಕೇಳಿದರೆ 190 ಲೀಟರ್ ಬಿಟ್ಟುಬಿಡಿ. ಲೆಕ್ಕ ನೋಡಿ. ಆ ಫ್ರಿಜ್ ದಿನಕ್ಕೆ ಸುಮಾರು 0.6 ಯೂನಿಟ್ ತಿನ್ನುತ್ತೆ. ಇನ್ವರ್ಟರ್ ಖಾಲಿ ಕೂತಿದ್ದರೂ ತಾನೇ 10 ವ್ಯಾಟ್ ತಿನ್ನುತ್ತೆ, 24 ಗಂಟೆಗೆ 240 ವ್ಯಾಟ್-ಅವರ್. ಪರಿವರ್ತನೆಯ ನಷ್ಟ ಸೇರಿಸಿದರೆ ದಿನಕ್ಕೆ 900 ವ್ಯಾಟ್-ಅವರ್ ಹತ್ತಿರ. 100 ಎಎಚ್ (ಆಂಪ್-ಅವರ್) ಲಿಥಿಯಂ ಬ್ಯಾಟರಿಯಲ್ಲಿ ಇರೋದೇ 1280 ವ್ಯಾಟ್-ಅವರ್. ಅಂದರೆ ಒಂದು ದಿನ, ಮುಗೀತು. ಅದೇ ಬ್ಯಾಟರಿಗೆ 12 ವೋಲ್ಟಿನ 45 ಲೀಟರ್ ಕಂಪ್ರೆಸರ್ ಫ್ರಿಜ್ ನೇರವಾಗಿ ಹಾಕಿದರೆ ಓಡುವಾಗ ಎಳೆಯೋದು 4ರಿಂದ 5 ಆಂಪ್ಸ್, ಅದೂ ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ದಿನಕ್ಕೆ 30ರಿಂದ 40 ಎಎಚ್. ಎರಡೂವರೆ, ಮೂರು ದಿನ ಬರುತ್ತೆ. ಇನ್ವರ್ಟರೇ ಬೇಡ. ಸ್ಟಾರ್ಟಿಂಗ್ ಜಿಗಿತವೂ ಇಲ್ಲ, ಅದರೊಳಗಿನ ಕಂಟ್ರೋಲರ್ ಮೆಲ್ಲಗೆ ಸ್ಪೀಡ್ ಏರಿಸುತ್ತೆ. ಓರೆಯಾಗಿ ನಿಂತರೂ ಕೆಲಸ ಮಾಡುತ್ತೆ. ಮೇಲಿಂದ ಮುಚ್ಚಳ ತೆಗೆಯೋ ಥರದ್ದಾದರೆ ತಂಪು ಕೆಳಗೆ ಸುರಿದು ಹೋಗಲ್ಲ.

ತ್ರೀ-ವೇ ಫ್ರಿಜ್ ನಮ್ಮ ಕಡೆಗೆ ಹೊಂದಲ್ಲ. ಅದರಲ್ಲಿ ಕಂಪ್ರೆಸರ್ ಇಲ್ಲ, ಅಮೋನಿಯಾ ನೀರನ್ನು ಬಿಸಿ ಮಾಡಿ ತಂಪು ತೆಗೆಯೋದು. 12 ವೋಲ್ಟಿನಲ್ಲಿ ಹೀಟರ್ 120ರಿಂದ 170 ವ್ಯಾಟ್, ಹೆಚ್ಚುಕಮ್ಮಿ ಬಿಡುವಿಲ್ಲದೆ ಎಳೆಯುತ್ತೆ, ಅಂದರೆ 10ರಿಂದ 14 ಆಂಪ್ಸ್. ಇಂಜಿನ್ ಆಫ್ ಮಾಡಿ ಮಲಗಿದರೆ ಬೆಳಿಗ್ಗೆ ಹೊತ್ತಿಗೆ ಬ್ಯಾಟರಿ ಖಾಲಿ. ನಿಂತಾಗ ಸಮತಟ್ಟಾಗಿ ನಿಲ್ಲಿಸದಿದ್ದರೆ ಒಳಗಿನ ದ್ರವ ಸರಿಯಾಗಿ ಹರಿಯಲ್ಲ, ತಂಪೇ ಬರಲ್ಲ, ದಿನಗಟ್ಟಲೆ ಹಾಗೇ ಬಿಟ್ಟರೆ ಪೈಪು ಕಟ್ಟಿಕೊಂಡು ಯೂನಿಟ್ಟೇ ಹೋಗುತ್ತೆ. ಮೂಡಿಗೆರೆ ಕಡೆ ತೋಟದಲ್ಲಿ ಸಮತಟ್ಟು ಜಾಗ ಎಲ್ಲಿ ಹುಡುಕ್ತೀರಿ? ಗ್ಯಾಸಿನಲ್ಲಿ ಓಡಿಸೋದು ನಿಂತಾಗ ಮಾತ್ರ. ಓಡೋ ಗಾಡಿಯಲ್ಲಿ ಉರಿಯೋ ಗ್ಯಾಸ್ ಇಟ್ಟುಕೊಂಡು ಪೆಟ್ರೋಲ್ ಬಂಕಿಗೆ ನುಗ್ಗೋದು ಊಹಿಸಿಕೊಳ್ಳೋಕೂ ಬೇಡ. ಸಿಲಿಂಡರ್ ವಾಲ್ವ್ ಮುಚ್ಚಿಯೇ ಹೊರಡಬೇಕು.

ಹೇಮಾವತಿ_ದಂಡೆ:

ಹಾಸನ ಮಂಗಳೂರು ನಾಲ್ಕು ನಾಲ್ಕೂವರೆ ಗಂಟೆಯ ದಾರಿ. ಅಷ್ಟಕ್ಕೆ ಫ್ರಿಜ್ ಓಡಿಸಲೇಬೇಕಾ ಅಂತ ಮೊದಲು ಯೋಚಿಸಿ. ಚೆನ್ನಾಗಿ ತಣ್ಣಗಾದ ಫ್ರಿಜ್ ಬಾಗಿಲು ತೆಗೆಯದಿದ್ದರೆ 4 ಗಂಟೆ ಊಟದ ಸಾಮಾನನ್ನು ಕಾಪಾಡುತ್ತೆ. ಹಿಂದಿನ ರಾತ್ರಿ ಒಂದು ಲೀಟರಿನ ಐದು ಪ್ಲಾಸ್ಟಿಕ್ ಬಾಟಲಿಗೆ ಕುತ್ತಿಗೆ ತನಕ ಬಿಟ್ಟು ನೀರು ತುಂಬಿ ಗಟ್ಟಿ ಮಾಡಿ, ಹೊರಡುವಾಗ ಮೂರನ್ನು ಮೇಲಿನ ತಟ್ಟೆಗೆ, ಎರಡನ್ನು ಕೆಳಗೆ ಇಡಿ. ಒಂದು ಕೆಜಿ ಐಸ್ ಕರಗೋಕೆ 93 ವ್ಯಾಟ್-ಅವರ್ ಶಾಖ ಹೀರುತ್ತೆ. ಆ ಗಾತ್ರದ ಫ್ರಿಜ್ಜಿನ ಗೋಡೆಯಿಂದ ಒಳಗೆ ಬರೋ ಶಾಖ ಸುಮಾರು 30 ವ್ಯಾಟ್. ಐದು ಬಾಟಲಿ ಅಂದರೆ 15 ಗಂಟೆ ಹತ್ತಿರ, ಬಾಗಿಲು ಮುಟ್ಟದಿದ್ದರೆ. ನೀವು ದಿನವಿಡೀ ಓಡಿದರೂ ಸಾಕು.

ವಾಪಸ್ ಬರುವಾಗ ಮಂಗಳೂರಿಂದ ಮೀನು ತರೋರು ಅದನ್ನು ಫ್ರಿಜ್ಜಿಗೆ ತುಂಬಬೇಡಿ. 28 ಡಿಗ್ರಿಯ 10 ಕೆಜಿ ಬಂಗುಡೆಯನ್ನು 4 ಡಿಗ್ರಿಗೆ ಇಳಿಸೋಕೇ ಎರಡೂವರೆ ಕೆಜಿ ಐಸಿನಷ್ಟು ತಂಪು ಬೇಕು. ಸಣ್ಣ ಫ್ರಿಜ್ಜಿಗೆ ಅದು ಹಲವು ಗಂಟೆಯ ಕೆಲಸ, ಅಷ್ಟರಲ್ಲಿ ಹಾಲು ಮೊಸರೂ ಬಿಸಿ. ಥರ್ಮಾಕೋಲ್ ಡಬ್ಬಿಯಲ್ಲಿ ಒಂದು ಪದರ ಐಸ್ ಪುಡಿ, ಒಂದು ಪದರ ಮೀನು, ಮೀನಿನಷ್ಟೇ ತೂಕದ ಐಸ್ ಹಾಕಿ ತನ್ನಿ. ಡಬ್ಬಿಯ ತಳದಲ್ಲಿ ತೂತು ಇರಲಿ, ನೀರು ಒಂದು ಟ್ರೇಗೆ ಇಳಿಯಲಿ, ಮೀನು ಆ ನೀರಲ್ಲಿ ನೆನೆಯಬಾರದು.

ಬಿಎಂರೋಡ್_ಹಾಸನ:

ತುಂಬ ಉಪಕಾರ. ಮನೆ ಪ್ಲಗ್ಗು ತೆಗೆದಾಯ್ತು. ತೆಗೆಯೋ ಮೊದಲು ಅಳೆದ ಲೆಕ್ಕ: ಸ್ಟಾರ್ಟ್ ಮಾಡಿದ ತಕ್ಷಣ ಗಾಡಿ ಬ್ಯಾಟರಿಯಲ್ಲಿ 14.1 ವೋಲ್ಟ್, ಅರ್ಧ ಗಂಟೆ ಓಡಿದ ಮೇಲೆ 12.6. ಅದೇ ಹೊತ್ತಿಗೆ ಫ್ರಿಜ್ ಓಡ್ತಿರುವಾಗ ಇನ್ವರ್ಟರ್ ಟರ್ಮಿನಲ್ಲಿನಲ್ಲಿ 11.3. ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯೋ ಟಾಂಗ್ ಟೆಸ್ಟರಿನಲ್ಲಿ 12 ಆಂಪ್ಸ್.

ಮಂಗಳೂರು ದಾರಿಗೆ ಐಸ್ ಬಾಟಲಿ ಸಾಕು ಅನ್ನೋದು ಒಪ್ಪಿದೆ. ಆದರೆ ಮೂಡಿಗೆರೆ, ಕೊಟ್ಟಿಗೆಹಾರ ಕಡೆ ಮೂರು ದಿನ ಉಳಿಯೋದೂ ಇದೆ, ಮಳೆಗಾಲದಲ್ಲೂ. ಹಾಗಾಗಿ 12 ವೋಲ್ಟಿನ 45 ಲೀಟರ್ ಫ್ರಿಜ್ಜು, 100 ಎಎಚ್ ಲಿಥಿಯಂ ಅಂತ ನಿರ್ಧಾರ. ಅಂಗಡಿಯವರು ಡಿಸಿ-ಡಿಸಿ ಬೇಡ, ವೋಲ್ಟೇಜ್ ನೋಡಿ ಸೇರೋ ರಿಲೇ ಒಂದು ಹಾಕಿದರೆ ಸಾಕು, ಮನೆಯಲ್ಲಿರೋ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯೇ ಆಗುತ್ತೆ ಅಂತಾರೆ. ಸೋಲಾರ್ 200 ವ್ಯಾಟ್ ಹಾಕಿದರೆ ಮೂರು ದಿನ ತಳ್ಳಬಹುದಾ? ಹೋಂಸ್ಟೇ ಕರೆಂಟಿಗೆ ಸೇರಿಸೋದು ಹೇಗೆ?

ಮಲ್ನಾಡ್_ವೈರಿಂಗ್:

ಆ ಅಳತೆಯಲ್ಲಿ ಒಂದು ವಿಷಯ ಇದೆ ಸರ್. 12.6ರಿಂದ 11.3, ಅಂದರೆ 1.3 ವೋಲ್ಟ್ ಡ್ರಾಪ್. ವೈರಿನ ಲೆಕ್ಕದಲ್ಲಿ ಹೋಗಬೇಕಾದ್ದು 0.8. ಉಳಿದ 0.5 ಯಾವುದೋ ಜಾಯಿಂಟಿನಲ್ಲಿ ಹೋಗ್ತಿದೆ. 0.5 ವೋಲ್ಟ್, 12 ಆಂಪ್ಸ್ ಅಂದರೆ 6 ವ್ಯಾಟ್ ಶಾಖ ಒಂದೇ ಕಡ್ಡಿಯಷ್ಟು ಜಾಗದಲ್ಲಿ. ನಿಮ್ಮ ಪ್ಲಗ್ ಬಿಸಿ ಆಗ್ತಿದ್ದದ್ದು ಅದಕ್ಕೇ. ಹೊಸ ವೈರಿಂಗ್ ಮುಗಿದ ಮೇಲೂ ಹೀಗೇ ಅಳೆಯಿರಿ: ಪೂರ್ತಿ ಲೋಡ್ ಇರುವಾಗ ಪ್ರತಿ ಜಾಯಿಂಟಿನ ಆಚೆ ಈಚೆ ಮಲ್ಟಿಮೀಟರ್ ಕಡ್ಡಿ ಇಟ್ಟು ಮಿಲಿವೋಲ್ಟ್ ನೋಡಿ. 25 ಆಂಪ್ಸಿಗೆ ಒಂದು ಜಾಯಿಂಟಿನಲ್ಲಿ 50 ಮಿಲಿವೋಲ್ಟ್ ದಾಟಿದರೆ ಬಿಚ್ಚಿ ಮತ್ತೆ ಮಾಡಬೇಕು. ವೈರಿನ ತುದಿಗೆ ಹಾಕೋ ಲಗ್ಗನ್ನು ಇಕ್ಕಳದಲ್ಲಿ ಒತ್ತೋದು, ಸುತ್ತಿಗೆಯಲ್ಲಿ ಬಡಿಯೋದು ಬೇಡ. ಸೋಲಾರ್ ಕೆಲಸ ಮಾಡೋರ ಹತ್ತಿರ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುತ್ತೆ, ಅವರಲ್ಲಿ ಒತ್ತಿಸಿ.

ಆ ರಿಲೇ ಹಳೆಯ ಗಾಡಿಗೆ ಸರಿ. ಅದು ಸಾಮಾನ್ಯವಾಗಿ 13.3ಕ್ಕೆ ಸೇರಿ 12.8ಕ್ಕೆ ಬಿಡುತ್ತೆ. ನಿಮ್ಮ ಗಾಡಿ ಅರ್ಧ ಗಂಟೆಗೆ 12.6ಕ್ಕೆ ಇಳಿಯುತ್ತೆ ಅಂತ ನೀವೇ ಅಳೆದಿದ್ದೀರಿ. ಬೇಲೂರು ದಾಟೋ ಹೊತ್ತಿಗೆ ರಿಲೇ ಬಿಟ್ಟುಕೊಂಡಿರುತ್ತೆ, ಆಮೇಲೆ ಚಾರ್ಜೇ ಇಲ್ಲ. ಇನ್ನೊಂದು ಅಪಾಯ: ಖಾಲಿಯಾದ ಲಿಥಿಯಂ ಬ್ಯಾಟರಿಯನ್ನು ರಿಲೇಯಿಂದ ನೇರ ಸೇರಿಸಿದರೆ ಅದು ಸಿಕ್ಕಷ್ಟೂ ಎಳೆಯುತ್ತೆ. ಚಾರ್ಮಾಡಿಯ ಹೇರ್‌ಪಿನ್ನಿನಲ್ಲಿ ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಹತ್ತುವಾಗ ಡೈನಮೋಗೆ ಗಾಳಿಯೂ ಕಡಿಮೆ, ಭಾರವೂ ಜಾಸ್ತಿ, ಬಿಸಿಯಾಗಿ ಡಯೋಡ್ ಹೋಗುತ್ತೆ. ಡಿಸಿ-ಡಿಸಿ 20 ಆಂಪ್ಸಿಗೆ ಕಟ್ಟಿಹಾಕುತ್ತೆ. ಅದರ ಇಗ್ನಿಷನ್ ಸಿಗ್ನಲ್ ವೈರನ್ನು, 1 ಸ್ಕ್ವೇರ್ ಸಾಕು, ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ಫ್ಯೂಸಿನಿಂದ ತಗೊಳ್ಳಿ. ವೋಲ್ಟೇಜ್ ನೋಡಿ ತಾನೇ ಆನ್ ಆಗೋ ಸೆಟ್ಟಿಂಗ್ ನಿಮ್ಮ ಗಾಡಿಗೆ ನಡೆಯಲ್ಲ, ಅದೇ 12.6ರ ತೊಂದರೆ.

ಟ್ಯೂಬ್ಯುಲರ್ ಬ್ಯಾಟರಿ ಮನೆಯಲ್ಲೇ ಇರಲಿ. 50 ಕೆಜಿಗೂ ಮೇಲೆ ತೂಕ, ಎತ್ತರ ಜಾಸ್ತಿ, ತಿರುವಿನಲ್ಲಿ ಆಸಿಡ್ ತುಳುಕುತ್ತೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ. ಅದು ಮಲಗೋ ಜಾಗದಲ್ಲಿ ಇರಬಾರದು. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಾ ಹೋದರೆ ಆಯಸ್ಸೂ ಕಡಿಮೆ.

20 ಆಂಪ್ಸ್ ಚಾರ್ಜಿಂಗ್ ಅಂದರೆ ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಒಂದೂವರೆ ಗಂಟೆ ಓಡಿದರೆ 30 ಎಎಚ್. ಒಂದು ದಿನದ ಫ್ರಿಜ್ ಖರ್ಚು ದಾರಿಯಲ್ಲೇ ಬಂತು.

ತಂಪು_ಕೆಎ18:

ಸೋಲಾರ್ ಬಗ್ಗೆ: ಜನವರಿಯಿಂದ ಏಪ್ರಿಲ್ ತನಕ ಬಿಸಿಲಿಗೆ ನಿಲ್ಲಿಸಿದರೆ 200 ವ್ಯಾಟ್ ಪ್ಯಾನಲ್ ದಿನಕ್ಕೆ 600 ವ್ಯಾಟ್-ಅವರ್ ಆಸುಪಾಸು ಕೊಡುತ್ತೆ. 45 ಲೀಟರ್ ಫ್ರಿಜ್ಜಿಗೆ ಸಾಕಾಗಿ ಮಿಗುತ್ತೆ. ಸಿಲ್ವರ್ ಓಕ್ ನೆರಳಲ್ಲಿ ನಿಲ್ಲಿಸಿದರೆ ಆ ಲೆಕ್ಕ ಬಿಡಿ, ಪ್ಯಾನಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಅರ್ಧಕ್ಕರ್ಧ ಹೋಗುತ್ತೆ. ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರದ ಮಳೆಗೆ ಸೋಲಾರನ್ನು ನಂಬಿ ಫ್ರಿಜ್ ತುಂಬಬೇಡಿ. ಆ ಮೂರು ದಿನಕ್ಕೆ ಪೂರ್ತಿ ತುಂಬಿದ ಬ್ಯಾಟರಿ, ಇಲ್ಲವಾದರೆ ಕೆಇಬಿ ಕರೆಂಟು.

ಕೆಇಬಿ ಕರೆಂಟಿಗೆ ಸೇರಿಸೋದು ಈಗ ಸುಲಭ, ಯಾಕೆಂದರೆ ಫ್ರಿಜ್ 12 ವೋಲ್ಟಿನದು. ಫ್ರಿಜ್ ಯಾವಾಗಲೂ ಬ್ಯಾಟರಿಯಲ್ಲೇ ಇರಲಿ. ಹೊರಗಿನ ಕರೆಂಟ್ ಬಂದಾಗ 14.4 ವೋಲ್ಟಿನ ಲಿಥಿಯಂ ಸೆಟ್ಟಿಂಗ್ ಇರೋ 20 ಆಂಪ್ಸ್ ಚಾರ್ಜರ್ ಬ್ಯಾಟರಿ ತುಂಬಿಸಲಿ, ಅಷ್ಟೆ. ಚೇಂಜ್‌ಓವರ್ ಸ್ವಿಚ್ಚಿನ ಗೊಂದಲ ಇಲ್ಲ. ತೋಟದ ಲೈನಿನ ಕೊನೆಯಲ್ಲಿ ಸಂಜೆ ಹೊತ್ತು ವೋಲ್ಟೇಜ್ 170ಕ್ಕೆ ಬಿದ್ದರೆ ಮನೆ ಫ್ರಿಜ್ಜಿನ ಕಂಪ್ರೆಸರ್ ಒದ್ದಾಡುತ್ತೆ, ಆದರೆ 100ರಿಂದ 260 ವೋಲ್ಟ್ ತಗೊಳ್ಳೋ ಚಾರ್ಜರಿಗೆ ಏನೂ ಆಗಲ್ಲ. ಚಾರ್ಜರ್ ಕೊಳ್ಳುವಾಗ ಆ ಅಂಕಿ ಓದಿಯೇ ಕೊಳ್ಳಿ. ಟ್ರೇಲರಿಗೆ ಒಳಬರೋ ಜಾಗದಲ್ಲಿ ಕರೆಂಟ್ ಲೀಕ್ ಆದ ಕೂಡಲೇ ಕಟ್ ಮಾಡೋ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ, 16 ಆಂಪ್ಸ್ ಎಂಸಿಬಿ ಹಾಕಿ, ಟ್ರೇಲರಿನ ಚಾಸಿಯನ್ನು ಒಳಬರೋ ಅರ್ಥ್ ವೈರಿಗೆ ಸೇರಿಸಿ. ಮಳೆಯಲ್ಲಿ ಒದ್ದೆ ಕಾಲಲ್ಲಿ ಕಬ್ಬಿಣದ ಮೆಟ್ಟಿಲು ಹತ್ತೋ ಜಾಗ ಅದು. ಹೋಂಸ್ಟೇ ಸಾಕೆಟ್ಟಿನಲ್ಲಿ ಅರ್ಥ್ ಇದೆಯಾ ಅಂತ ಫೇಸಿಗೂ ಅರ್ಥಿಗೂ ನಡುವೆ ಮೀಟರ್ ಇಟ್ಟು ನೋಡಿ. ಫೇಸ್-ನ್ಯೂಟ್ರಲ್ ನಡುವೆ ಎಷ್ಟು ತೋರಿಸುತ್ತೋ ಹೆಚ್ಚುಕಮ್ಮಿ ಅಷ್ಟೇ ತೋರಿಸಬೇಕು. ತೋರಿಸದಿದ್ದರೆ ಅಲ್ಲಿ ಸೇರಿಸಬೇಡಿ, ಬ್ಯಾಟರಿಯಲ್ಲೇ ಇರಿ.

ಫ್ರಿಜ್ ಕೂರಿಸುವಾಗ ಗಾಳಿ ಒಳಬಿಟ್ಟು ಬಿಸಿ ಹೊರಹಾಕೋ ಜಾಲರಿಗಳ ಮುಂದೆ ಒಂದು ಗೇಣು ಖಾಲಿ ಬಿಡಿ. ಟ್ರೇಲರಿನ ಸೀಟ್ ಕೆಳಗೆ ಬಿಗಿಯಾಗಿ ತಳ್ಳಿದರೆ ಅದು ತನ್ನ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತೆ, ಮೂರರಲ್ಲಿ ಒಂದು ಪಾಲು ಓಡಬೇಕಾದ್ದು ಬಿಡುವಿಲ್ಲದೆ ಓಡುತ್ತೆ. ಬ್ಯಾಟರಿಯಿಂದ ಫ್ರಿಜ್ಜಿಗೆ 4 ಸ್ಕ್ವೇರ್, 15 ಆಂಪ್ಸ್ ಫ್ಯೂಸ್. ಸಿಗರೇಟ್ ಲೈಟರ್ ಥರದ ಪಿನ್ ಕತ್ತರಿಸಿ ತಿರುಗಿಸಿ ಬಿಗಿಯೋ ಕನೆಕ್ಟರ್ ಹಾಕಿ, ಆ ಸ್ಪ್ರಿಂಗ್ ಪಿನ್ ನಮ್ಮ ರಸ್ತೆಗೆ ಗಂಟೆಗೊಮ್ಮೆ ಸಡಿಲ ಆಗುತ್ತೆ. ಫ್ರಿಜ್ಜಿನ ಬ್ಯಾಟರಿ ಪ್ರೊಟೆಕ್ಷನ್ನಿನಲ್ಲಿ ಹೈ, ಮೀಡಿಯಂ, ಲೋ ಅಂತ ಮೂರು ಇರುತ್ತೆ. ಹೈ ಇರೋದು ಗಾಡಿ ಸ್ಟಾರ್ಟ್ ಮಾಡೋ ಬ್ಯಾಟರಿ ಉಳಿಸೋಕೆ. ನಿಮ್ಮದು ಬೇರೆ ಬ್ಯಾಟರಿ, ಮೀಡಿಯಂ ಇಡಿ. ಬ್ಯಾಟರಿ ತುಂಬಿದ್ದೂ ಫ್ರಿಜ್ ಲೋ ವೋಲ್ಟೇಜ್ ಅಂತ ನಿಂತರೆ ಬ್ಯಾಟರಿಯನ್ನು ಬೈಯಬೇಡಿ, ಕಂಪ್ರೆಸರ್ ಸ್ಟಾರ್ಟ್ ಆಗೋ ಕ್ಷಣಕ್ಕೆ ಫ್ರಿಜ್ಜಿನ ಪಿನ್ನಿನಲ್ಲಿ ಎಷ್ಟಿದೆ ಅಂತ ನೋಡಿ.

ಬಿಎಂರೋಡ್_ಹಾಸನ:

ಇಗ್ನಿಷನ್ ಸಿಗ್ನಲ್ ವೈರು ಆ್ಯಂಡರ್ಸನ್ನಿನಲ್ಲಿ ಹೋಗಲ್ಲವಲ್ಲ, ಅದರಲ್ಲಿ ಎರಡೇ ಪಿನ್. ಅದನ್ನು ಟ್ರೇಲರಿಗೆ ಹೇಗೆ ದಾಟಿಸೋದು?

ಮಲ್ನಾಡ್_ವೈರಿಂಗ್:

7 ಪಿನ್ ಪ್ಲಗ್ಗಿನ 2ನೇ ಪಿನ್ ನೋಡಿ. ಹಿಂದಿನ ಫಾಗ್ ಲೈಟಿಗೆ ಇರೋದು, ಟ್ರೇಲರಿನಲ್ಲಿ ಫಾಗ್ ಲೈಟ್ ಇಲ್ಲದಿದ್ದರೆ ಖಾಲಿ ಇರುತ್ತೆ. ಕೀ ಆನ್ ಫ್ಯೂಸಿನಿಂದ 1 ಸ್ಕ್ವೇರ್ ವೈರು, 2 ಆಂಪ್ಸ್ ಫ್ಯೂಸ್ ಹಾಕಿ ಆ ಪಿನ್ನಿಗೆ ಕೊಡಿ. ಬರೀ ಸಿಗ್ನಲ್, ಕರೆಂಟ್ ಏನೂ ಹರಿಯಲ್ಲ, ಹಾಗಾಗಿ ಲೈಟ್ ಪ್ಲಗ್ ಆದರೂ ಆಗುತ್ತೆ. ಆ ಪಿನ್ನಿಗೆ ಗಾಡಿ ಕಡೆಯಿಂದ ಮೊದಲೇ ಫಾಗ್ ಲೈಟ್ ವೈರು ಬಂದಿದ್ದರೆ ಅದನ್ನು ಬಿಚ್ಚಿ ಟೇಪ್ ಸುತ್ತಿ, ಆಮೇಲೆ ನಿಮ್ಮದು ಸೇರಿಸಿ. ಹೊರಡೋ ಮೊದಲು ಕೀ ಆಫ್ ಮಾಡಿ ಟಾಂಗ್ ಟೆಸ್ಟರನ್ನು ದಪ್ಪ ವೈರಿಗೆ ಹಾಕಿ: ಸೊನ್ನೆ ತೋರಿಸಬೇಕು. ಟ್ರೇಲರ್ ಬ್ಯಾಟರಿ ಪೂರ್ತಿ ತುಂಬಿರದಿದ್ದರೆ ಕೀ ಆನ್ ಮಾಡಿ ಇಂಜಿನ್ ಓಡಿಸಿದಾಗ 20ರ ಮೇಲೆ ಹೋಗಬೇಕು.